ಸಂರಕ್ಷಿತ ದೇವಸ್ಥಾನದ ಸುತ್ತಲಿನ ಊರು: ಸಮಿತಿಗಿಂತ ಮೊದಲು ಮಾಳಿಗೆ

ಪ್ರಶ್ನೆ: ನಮ್ಮ ಊರಿನ ನಡುವೆಯೇ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಹಳೆಯ ಕಲ್ಲಿನ ದೇವಸ್ಥಾನವಿದೆ. ಸುತ್ತ ಮಣ್ಣಿನ ಮಾಳಿಗೆ (ಚಪ್ಪಟೆ ಚಾವಣಿ) ಮನೆಗಳು. ಸೋರುವ ಮಾಳಿಗೆ ಸರಿಮಾಡಿಸಲೂ ಜನ ಹೆದರುತ್ತಾರೆ. ಈಗ ಸ್ಥಳೀಯರ ಸಹಭಾಗಿತ್ವಕ್ಕೆ ಸಮಿತಿ ಮಾಡಿ ಎಂಬ ಮಾತು ಬಂದಿದೆ. ಹಂಪಿಯಲ್ಲಿ ಆದದ್ದೇ ನಮ್ಮಲ್ಲೂ ಆದೀತು ಎನ್ನುತ್ತಾರೆ ಹಿರಿಯರು. ಸಮಿತಿ ಹೇಗಿರಬೇಕು, ಅದಕ್ಕೆ ಏನು ಅಧಿಕಾರ, ಊರಿಗೆ ಏನು ಸಿಗುತ್ತದೆ?
– ಗ್ರಾಮ ಪಂಚಾಯ್ತಿ ಸದಸ್ಯೆ, ಕೊಪ್ಪಳ ಜಿಲ್ಲೆ

ಉತ್ತರ: ಸಮಿತಿಯನ್ನು ಆಮೇಲೆ ಮಾಡಿ. ಮೊದಲು ಸೋರುವ ಮಾಳಿಗೆಗಳ ಪಟ್ಟಿ ಮಾಡಿ. ತನ್ನ ಮನೆಯ ಗತಿ ಏನು ಎಂದು ತಿಳಿಯದ ಮನುಷ್ಯ ದೇವಸ್ಥಾನದ ರಕ್ಷಣೆಯ ಸಭೆಗೆ ಬಂದರೂ ಬಾಗಿಲ ಹತ್ತಿರವೇ ಕೂರುತ್ತಾನೆ. ಊರಿನವರ ಮೊದಲ ಪ್ರಶ್ನೆಗೆ ಉತ್ತರ ಕೊಡದೆ ಮಾಡಿದ ಸಮಿತಿಗಳು ಎರಡು ಮೂರು ಸಭೆಯಾದ ಮೇಲೆ ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತವೆ.

ಕಾಯ್ದೆಯಿಂದ ಶುರುಮಾಡೋಣ, ಭಯದ ಅರ್ಧ ಭಾಗ ಅಲ್ಲೇ ಕರಗುತ್ತದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಸ್ಮಾರಕದ ಸಂರಕ್ಷಿತ ಗಡಿಯಿಂದ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಆಮೇಲೆ ಇಲಾಖೆಯ ಒಪ್ಪಿಗೆ ಪಡೆದು ಕಟ್ಟಿದ ಮನೆಗೂ ಇದೇ ಅವಕಾಶ ಇದೆ. ನಿಯಂತ್ರಿತ ಪ್ರದೇಶದಲ್ಲಾದರೆ ಅನುಮತಿ ಪಡೆದು ಹೊಸದನ್ನೂ ಕಟ್ಟಬಹುದು.

ಎಲ್ಲರೂ ಎಡವುವ ಜಾಗ ಒಂದಿದೆ. ಈ ಕಾಯ್ದೆಯಲ್ಲಿ ದುರಸ್ತಿ ಬೇರೆ, ಪುನರ್ನಿರ್ಮಾಣ ಬೇರೆ. ಇರುವ ಕಟ್ಟಡದಲ್ಲಿ ಬದಲಾವಣೆ ಮಾಡಿದರೆ ದುರಸ್ತಿ. ಬಿದ್ದ ಮನೆಯನ್ನು ಅದೇ ಅಳತೆಗೆ, ಅದೇ ಎತ್ತರಕ್ಕೆ ಮತ್ತೆ ಎಬ್ಬಿಸಿದರೂ ಅದು ಪುನರ್ನಿರ್ಮಾಣ, ಮತ್ತು 100 ಮೀಟರ್ ಒಳಗೆ ಖಾಸಗಿ ಮನೆಗೆ ಅದಕ್ಕೆ ಅವಕಾಶವಿಲ್ಲ. ಎಂದರೆ ಹೆದರಿಕೊಂಡು ದುರಸ್ತಿ ಮುಂದೂಡಿದ ಮನೆ ಒಂದು ದೊಡ್ಡ ಮಳೆಗೆ ಕುಸಿದರೆ ಆ ಜಾಗದಲ್ಲಿ ಮನೆ ಇರುವ ಹಕ್ಕೇ ಹೋದಂತೆ. ಹಿರಿಯರಿಗೆ ಇದನ್ನೇ ಬಿಡಿಸಿ ಹೇಳಿ. ಅರ್ಜಿ ಹಾಕಿದರೆ ಇಲಾಖೆಯ ಕಣ್ಣಿಗೆ ಬೀಳುತ್ತೇವೆ ಎಂದು ಸುಮ್ಮನಿರುವವರೇ ಕೊನೆಗೆ ಮನೆ ಕಳೆದುಕೊಳ್ಳುತ್ತಾರೆ.

ಅಳತೆಯಲ್ಲೂ ತಪ್ಪಾಗುತ್ತದೆ. ಜನ ಗರ್ಭಗುಡಿಯಿಂದಲೋ ಪ್ರಾಕಾರದ ಗೋಡೆಯಿಂದಲೋ ಟೇಪು ಹಿಡಿಯುತ್ತಾರೆ. ಅಳೆಯಬೇಕಾದದ್ದು ಅಧಿಸೂಚನೆಯಲ್ಲಿ ಹೇಳಿದ ಸಂರಕ್ಷಿತ ಗಡಿಯಿಂದ. ಅದು ಗೋಡೆಯ ಆಚೆಯ ಬಯಲನ್ನೋ ಪುಷ್ಕರಣಿಯನ್ನೋ ಒಳಗೊಂಡಿರಬಹುದು. ಆದ್ದರಿಂದ ಕೇಂದ್ರ ಪುರಾತತ್ವ ಇಲಾಖೆಯ ನಿಮ್ಮ ಉಪವಲಯದ ಕಚೇರಿಯಲ್ಲಿರುವ ಸಂರಕ್ಷಣಾ ಸಹಾಯಕರಿಗೆ ಪಂಚಾಯ್ತಿಯಿಂದ ಪತ್ರ ಬರೆದು ಅಧಿಸೂಚನೆಯ ಪ್ರತಿ, ಸರ್ವೆ ನಂಬರು, ಗಡಿ ನಕ್ಷೆ, ಈ ಮೂರನ್ನೂ ಕೇಳಿ. ನಕ್ಷೆ ಬಂದ ಮೇಲೆ ಭೂಮಾಪಕರನ್ನು ಕರೆಸಿ, ಇಲಾಖೆಯವರ ಮತ್ತು ಮನೆಯವರ ಎದುರಿಗೇ ಅಳೆಸಿ. ಪ್ರತಿ ಮನೆಯನ್ನೂ ಗುರುತಿಸಿ, 100 ಮೀಟರಿಗೆ ಕೆಂಪು ಗೆರೆ, 300 ಮೀಟರಿಗೆ ಹಳದಿ ಗೆರೆ ಎಳೆದ ದೊಡ್ಡ ನಕ್ಷೆಯನ್ನು ಪಂಚಾಯ್ತಿಯ ಗೋಡೆಗೆ ಹಾಕಿ. ಕಪಾಟಿನಲ್ಲಿಟ್ಟ ನಕ್ಷೆಯಿಂದ ಊರಿಗೆ ಉಪಯೋಗವಿಲ್ಲ.

ಹೀಗೆ ಒತ್ತಿ ಹೇಳಲು ಹಂಪಿಯೇ ಕಾರಣ. ಹೊಳೆಯಾಚೆಯ ವಿರೂಪಾಪುರಗಡ್ಡೆಯಲ್ಲಿ ಹೋಟೆಲು, ಗುಡಿಸಲು ಕಟ್ಟಿಕೊಂಡವರಿಗೂ ಸರ್ಕಾರಕ್ಕೂ ನಡೆದ ವ್ಯಾಜ್ಯದ ತಿರುಳು ಒಂದೇ: ರಾಜ್ಯ ಕಾಯ್ದೆಯಡಿ ಹೊರಟ 1988ರ ಅಧಿಸೂಚನೆ ಆ ನಡುಗಡ್ಡೆಗೂ ಅನ್ವಯಿಸುತ್ತದೆಯೇ ಇಲ್ಲವೇ? ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಫೆಬ್ರವರಿಯಲ್ಲಿ ತೀರ್ಪು ಕಟ್ಟಡಗಳ ವಿರುದ್ಧ ಬಂತು, ಮಾರ್ಚಿನಲ್ಲಿ ಅವನ್ನು ಕೆಡವಿದರು. ಮೂರು ದಶಕದ ಹಿಂದಿನ ಒಂದು ಕಾಗದದ ಅರ್ಥ ಅಷ್ಟು ಜನರ ದುಡಿಮೆಯ ಹಣೆಬರಹವನ್ನು ತೀರ್ಮಾನಿಸಿತು. ಹಣ ಸುರಿಯುವ ಮೊದಲೇ ಗೆರೆ ಎಲ್ಲಿದೆ ಎಂದು ಊರಿಗೆಲ್ಲ ತಿಳಿದಿರಬೇಕು.

ಹಿರಿಯರು ಹೇಳುತ್ತಿರುವುದು ಬಹುಶಃ ಹಂಪಿ ಬಜಾರಿನ ಮಾತು. ವಿರೂಪಾಕ್ಷ ದೇವಸ್ಥಾನದ ಮುಂದಿನ ತೇರುಬೀದಿಯ ಸಾಲುಮಂಟಪಗಳಲ್ಲೂ ಅವುಗಳ ಆಸುಪಾಸಿನಲ್ಲೂ ನೂರಾರು ಕುಟುಂಬಗಳಿದ್ದವು. 2011ರ ಜುಲೈನಲ್ಲಿ ಅವರನ್ನು ಎಬ್ಬಿಸಲಾಯಿತು. ಪುನರ್ವಸತಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರೂ ಅದು ಕೈಗೆ ಬರುವುದಕ್ಕೆ ವರ್ಷಗಳು ಹಿಡಿದವು. ಮಂಟಪಗಳನ್ನು ತೆರವು ಮಾಡಬೇಕೆಂಬುದಕ್ಕೆ ಆಧಾರವಿತ್ತು; ಕಲ್ಲುಕಂಬಗಳ ನಡುವೆ ಸಿಮೆಂಟು ಗೋಡೆ ಎಬ್ಬಿಸಿದ್ದು, ಕಟ್ಟಡಗಳಿಗೆ ಕಟ್ಟಡ ಸೇರಿಸಿದ್ದು ಸುಳ್ಳಲ್ಲ. ಕೆಟ್ಟದ್ದು ಕೆಲಸದ ಕ್ರಮ. ಅಲ್ಲಿ ಮನೆಯೂ ಅಂಗಡಿಯೂ ಒಂದೇ ಸೂರಿನಡಿ ಇದ್ದವು. ಬದಲಿ ಮನೆ ಸಿದ್ಧವಾಗುವ ಮೊದಲೇ ಹಳೆಯದನ್ನು ಒಡೆದರು, ಬದಲಿ ಜಾಗವನ್ನು ಯಾತ್ರಿಕರ ದಾರಿಯಿಂದ ದೂರ ಕೊಟ್ಟರು. ಮನೆ ಕಳೆದ ದಿನವೇ ಕಸುಬೂ ಹೋಯಿತು. ನಿಮ್ಮಲ್ಲಿ ಎಂದಾದರೂ ಸ್ಥಳಾಂತರದ ಮಾತು ಬಂದರೆ ಗ್ರಾಮಸಭೆಯ ಠರಾವಿನಲ್ಲಿ ಎರಡು ಷರತ್ತು ಬರೆಸಿ: ಹೊಸ ಮನೆಯ ಬೀಗದ ಕೈ ಕೊಟ್ಟ ಮೇಲೆಯೇ ಹಳೆಯದಕ್ಕೆ ಕೈ ಹಚ್ಚಬೇಕು, ಅಂಗಡಿಗೆ ಜಾಗವನ್ನು ಭಕ್ತರು ನಡೆದುಬರುವ ದಾರಿಯಲ್ಲೇ ಕೊಡಬೇಕು. ಠರಾವು ಇಲಾಖೆಯ ಕೈ ಕಟ್ಟಿಹಾಕುವುದಿಲ್ಲ, ನಿಜ. ಆದರೆ ಮಾತುಕತೆಗೂ ಕೋರ್ಟಿಗೂ ಅದೇ ಮೊದಲ ದಾಖಲೆ.

ಇಲ್ಲಿ ಒಂದು ಸಮಾಧಾನವೂ ಇದೆ. ಹಂಪಿಯ ಗೋಜಲು ನಿಮಗಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ಆನೆಗೊಂದಿಯ ಸೇತುವೆ ಮುಂತಾದ ಕಾಮಗಾರಿಗಳಿಂದಾಗಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆ ಒತ್ತಡದಲ್ಲೇ 2002ರ ಕಾಯ್ದೆ ಬಂದು ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಈಗಿನ ವಿಜಯನಗರ ಮತ್ತು ಕೊಪ್ಪಳ ಜಿಲ್ಲೆಗಳ 29 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. ಅಲ್ಲಿ ಕೇಂದ್ರ ಇಲಾಖೆ, ರಾಜ್ಯ ಇಲಾಖೆ, ಪ್ರಾಧಿಕಾರ, ವಿರೂಪಾಕ್ಷನ ಗುಡಿಯ ಆಡಳಿತಕ್ಕೆ ಮುಜರಾಯಿ, ಜೊತೆಗೆ ಪಂಚಾಯ್ತಿಗಳು. ಒಂದು ಬಚ್ಚಲು ಮನೆ ಕಟ್ಟಿಸಲು ಯಾರನ್ನು ಕೇಳಬೇಕೆಂದೇ ರೈತನಿಗೆ ತಿಳಿಯುವುದಿಲ್ಲ. ನೀವು ಮುಖ್ಯವಾಗಿ ನಿಭಾಯಿಸಬೇಕಾದದ್ದು ಒಂದೇ ಇಲಾಖೆಯನ್ನು.

ಈಗ ದುರಸ್ತಿ ಅರ್ಜಿ. ಪಂಚಾಯ್ತಿ ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ ಇದೇ, ಬಹಳ ಕಡೆ ಯಾರೂ ಮಾಡದೆ ಬಿಟ್ಟದ್ದೂ ಇದನ್ನೇ. ಮನೆಗೊಂದು ಕಡತ ತೆರೆಯಿರಿ. ಮನೆ 1992ಕ್ಕಿಂತ ಹಿಂದಿನದು ಎಂಬುದಕ್ಕೆ ಪಂಚಾಯ್ತಿಯ ಹಳೆಯ ಮನೆಗಂದಾಯದ ಡಿಮ್ಯಾಂಡ್ ರಿಜಿಸ್ಟರಿನ ದೃಢೀಕೃತ ನಕಲು ಗಟ್ಟಿ ಆಧಾರ. ಅದು ಸಿಗದಿದ್ದರೆ ಆ ಕಾಲದ ವಿದ್ಯುತ್ ಬಿಲ್ಲು, ಕ್ರಯಪತ್ರ, ಪಾಲುಪತ್ರ, ಮನೆ ನಂಬರಿರುವ ಮತದಾರರ ಪಟ್ಟಿ, ಹಿನ್ನೆಲೆಯಲ್ಲಿ ಮನೆ ಕಾಣುವ ಹಳೆಯ ಮದುವೆ ಫೋಟೊ ಕೂಡ ನೆರವಿಗೆ ಬರುತ್ತದೆ. ಇವುಗಳ ಜೊತೆ ಮಾಲೀಕತ್ವದ ದಾಖಲೆ, ಮನೆಯ ನಾಲ್ಕೂ ಬದಿಯ ಮತ್ತು ಮಾಳಿಗೆಯ ಇಂದಿನ ಫೋಟೊ, ಈಗಿನ ಉದ್ದ, ಅಗಲ, ಎತ್ತರ, ಮಾಡಬೇಕಾದ ಕೆಲಸದ ವಿವರ. ‘ಮನೆ ರಿಪೇರಿ’ ಎಂದಷ್ಟೇ ಬರೆದ ಅರ್ಜಿ ಮೇಜಿಂದ ಮೇಜಿಗೆ ಪ್ರಶ್ನೆ ಹೊತ್ತು ಮರಳಿ ಬರುತ್ತದೆ. ‘ಪೂರ್ವದ ಅಂಕಣದ ಮೇಲ್ಮುದ್ದೆ (ಮಾಳಿಗೆಯ ಮೇಲಿನ ಮಣ್ಣಿನ ಪದರ) ತೆಗೆದು, ಕೊಳೆತ ಆರು ಜಂತಿ ಬದಲಿಸಿ, ಅದೇ ಎತ್ತರಕ್ಕೆ ಮತ್ತೆ ಮಣ್ಣು ಹಾಕುವುದು’ ಎಂದು ಬರೆದರೆ ಓದಿದವರಿಗೆ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಅರ್ಜಿ ಹೋಗುವುದು ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ, ಎಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಗೆ, ಆನ್‌ಲೈನಿನಲ್ಲೂ ಹಾಕಬಹುದು. ಅವರು 15 ದಿನದೊಳಗೆ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ 2 ತಿಂಗಳಲ್ಲಿ ಶಿಫಾರಸು ಬರಬೇಕು, ಆಮೇಲೆ ಒಂದು ತಿಂಗಳಲ್ಲಿ ಅರ್ಜಿದಾರನಿಗೆ ಉತ್ತರ ತಿಳಿಸಬೇಕು. ಒಟ್ಟು ಮೂರೂವರೆ ತಿಂಗಳು. ಇದನ್ನು ನಿಮ್ಮ ಕಡೆಯ ಕೆಲಸದ ಕಾಲಕ್ಕೆ ಹೊಂದಿಸಿಕೊಳ್ಳಿ: ಮಾಳಿಗೆ ಬಿಚ್ಚುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಾಗಾದರೆ ಸಂಕ್ರಾಂತಿಗೆ ಮೊದಲೇ ಅರ್ಜಿಗಳು ಹೊರಟಿರಬೇಕು. ಯುಗಾದಿ ಕಳೆದ ಮೇಲೆ ಹಾಕಿದವರು ಮಳೆಗಾಲದ ಮಧ್ಯೆ ಅನುಮತಿ ಹಿಡಿದು ಕೂರುತ್ತಾರೆ. ಒಂದೊಂದಾಗಿ ಕಳಿಸುವ ಬದಲು ಪಂಚಾಯ್ತಿಯ ಮುಖಪತ್ರದೊಂದಿಗೆ ಹತ್ತು ಹದಿನೈದು ಕಡತಗಳನ್ನು ಒಟ್ಟಿಗೆ ಕಳಿಸಿದರೆ ಸ್ಥಳ ಪರಿಶೀಲನೆ ಒಂದೇ ದಿನ ಮುಗಿಯುತ್ತದೆ, ಕಚೇರಿ ಸುತ್ತುವ ಮಧ್ಯವರ್ತಿಗೂ ಕೆಲಸ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ಕೆಲಸ ಶುರುಮಾಡಿ ಆಮೇಲೆ ಅರ್ಜಿ ಹಾಕುವ ಜಾಣತನ ಬೇಡ. ಅನುಮತಿಯಿಲ್ಲದ ನಿರ್ಮಾಣಕ್ಕೆ 2 ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅನುಮತಿ ಬಂದ ಮೇಲೆ ಕೆಲಸದ ಬಗೆಯೂ ಮುಖ್ಯ. ಮಣ್ಣು, ಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿದರೆ ಗೋಡೆಯೊಳಗಿನ ತೇವ ಹೊರಬರಲಾರದು. ಅದು ಮೇಲೇರುತ್ತಾ ಉಪ್ಪು ಬಿಡುತ್ತದೆ, ಎರಡು ಮೂರು ಮಳೆಗಾಲದಲ್ಲಿ ಗಿಲಾವು ಹಕ್ಕಳೆ ಹಕ್ಕಳೆಯಾಗಿ ಕಳಚುತ್ತದೆ, ಒಳಗಿನ ಮಣ್ಣೂ ಪುಡಿಯಾಗುತ್ತದೆ. ಸುಣ್ಣದ ಗಾರೆಗೆ ಒಂದು ಪಾಲು ಅರಳಿಸಿ ಸೋಸಿದ ಸುಣ್ಣ, ಮೂರು ಪಾಲು ಮರಳು. ಮಳೆ ಹೊಡೆಯುವ ಬದಿಗೆ ಮರಳಿನಲ್ಲಿ ಒಂದು ಪಾಲು ಕಡಿಮೆ ಮಾಡಿ ಸುರ್ಖಿ (ಇಟ್ಟಿಗೆಯ ಪುಡಿ) ಹಾಕಿ. ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕನಿಷ್ಠ ಎರಡು ಮೂರು ವಾರ ನೆನೆಯಬಿಡಬೇಕು. ಅರಳದ ಹರಳು ಉಳಿದರೆ ಗೋಡೆಯಲ್ಲೇ ಉಬ್ಬಿ ಸಿಡಿಯುತ್ತದೆ. ಗಿಲಾವಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ ವಾರ ಹತ್ತು ದಿನ ನೋಡಿಕೊಳ್ಳಿ. ಮೇಲ್ಮುದ್ದೆಗೆ ಕರಲು ಮಣ್ಣಿನ ಪದರ ಹಾಕುವುದನ್ನು ನಿಮ್ಮ ಊರ ಹಿರಿಯ ಗೌಂಡಿಗಳೇ ಚೆನ್ನಾಗಿ ಬಲ್ಲರು. ಅವರ ಕೈಕೆಳಗೆ ನಾಲ್ಕು ಹುಡುಗರನ್ನು ಪಗಾರ ಕೊಟ್ಟು ನಿಲ್ಲಿಸಿ. ಈ ಕೈಗಳು ದೇವಸ್ಥಾನದ ಒಂದು ಕಲ್ಲನ್ನೂ ಸ್ವಂತ ಬುದ್ಧಿಯಿಂದ ಮುಟ್ಟಬಾರದು, ಅದು ಇಲಾಖೆಯದೇ ಕೆಲಸ. ಆದರೆ ಇಲಾಖೆಗೆ ಗಾರೆ ಬಲ್ಲ ಕೂಲಿಗಳು ಬೇಕಾದಾಗ ದೂರದಿಂದ ಕರೆತರುವ ಬದಲು ಇವರನ್ನೇ ಕೇಳುವಂತಾಗುತ್ತದೆ.

ಇಷ್ಟು ಒಂದು ಬೇಸಿಗೆ ನಡೆದ ಮೇಲೆ ಸಮಿತಿ ಮಾಡಿ. ಆಗ ಜನ ಬರುತ್ತಾರೆ. ಗ್ರಾಮಸಭೆಯಲ್ಲಿ ಠರಾವು ಮಾಡಿ 11ರಿಂದ 13 ಜನ ಸಾಕು. ಕೆಂಪು ಗೆರೆಯೊಳಗಿನ ಮನೆಗಳಿಂದ ನಾಲ್ವರು ಇರಲೇಬೇಕು, ಅವರಲ್ಲಿ ಇಬ್ಬರು ಹೆಂಗಸರು. ಪಕ್ಕದ ಹೊಲದವರೊಬ್ಬರು, ಅರ್ಚಕರು, ಗೌಂಡಿ, ಶಾಲೆಯ ಮಾಸ್ತರರು, ಬೀದಿಬದಿ ಕಾಯಿ-ಹೂ ಮಾರುವವರು, ಪರಿಶಿಷ್ಟರ ಕೇರಿಯವರು. ಪಿಡಿಒ ಸಭೆ ಕರೆಯಲಿ, ಸಂರಕ್ಷಣಾ ಸಹಾಯಕರು ಆಹ್ವಾನಿತರಾಗಿರಲಿ. ಲಾಡ್ಜು ಕಟ್ಟಲು ಜಾಗ ಹಿಡಿದಿರುವವರನ್ನು ಅಧ್ಯಕ್ಷರನ್ನಾಗಿ ಮಾಡಬೇಡಿ. ಪ್ರವಾಸೋದ್ಯಮದ ಹೆಸರಿನಲ್ಲಿ ಹುಟ್ಟಿದ ಸಮಿತಿಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ: ಊರಿನ ದನಿ ಎಂದು ದಾಖಲಾಗುವುದು ಮೂರು ಜನ ಹಣವಂತರ ದನಿ.

ಸಮಿತಿಗೆ ಅನುಮತಿ ಕೊಡುವ ಅಧಿಕಾರ ಇಲ್ಲ, ಸ್ಮಾರಕದ ಒಳಗಿನ ನಿರ್ಧಾರವೂ ಅದರದಲ್ಲ. ಮೊದಲ ಸಭೆಯಲ್ಲೇ ಇದನ್ನು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಮೊದಲ ಅರ್ಜಿ ತಿರಸ್ಕಾರವಾದ ದಿನವೇ ಸಮಿತಿ ಮೋಸದ್ದೆಂಬ ಹೆಸರು ಬರುತ್ತದೆ. ಅದರ ಕೈಯಲ್ಲಿ ನಿಜವಾಗಿ ಇರುವುದು ಪಂಚಾಯ್ತಿ ಜಾಗದ ಬಳಕೆ, ಅಲ್ಲಿಂದ ಬರುವ ಹಣ, ನೀರು ಮತ್ತು ಚರಂಡಿ, ಜಾತ್ರೆಯ ವ್ಯವಸ್ಥೆ. ಸಣ್ಣ ಬಾಬತ್ತುಗಳಂತೆ ಕಂಡರೂ ಸ್ಮಾರಕ ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಇವುಗಳಿಂದಲೇ. ತಿಂಗಳಿಗೊಮ್ಮೆ, ಹೊಲದಿಂದ ಮರಳಿದ ಮೇಲೆ, ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತು, ಹಿಂದಿನ ನಡಾವಳಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಯಾರು, ಯಾವ ತಾರೀಕಿನೊಳಗೆ ಎಂದು ಬರೆಯದ ಬಾಬತ್ತು ನಡಾವಳಿಯಲ್ಲಿ ಇರಬಾರದು. ಅಧಿಕಾರಿ ವರ್ಗವಾಗಿ ಹೋದಾಗ ಹೊಸಬರ ಮುಂದೆ ಇಡಲು ನಿಮಗಿರುವುದು ಈ ಪುಸ್ತಕವೊಂದೇ.

ಚರಂಡಿಯ ಮಾತು ಸ್ವಲ್ಪ ಹೆಚ್ಚು ಹೇಳಬೇಕು. 2024ರ ಮೇ ತಿಂಗಳಲ್ಲಿ ಮಳೆ ಬಿದ್ದ ಮೇಲೆ ಹಂಪಿಯ ತೇರುಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ಕಲ್ಲಿನ ಕಟ್ಟಡಕ್ಕೆ ಬಿಸಿಲು ಅಷ್ಟಾಗಿ ಶತ್ರುವಲ್ಲ. ಬುಡಕ್ಕೆ ಇಳಿಯುವ ನೀರು ಶತ್ರು. ಬುನಾದಿಯ ಕೆಳಗಿನ ಮಣ್ಣು ಒಂದು ಬದಿಗೆ ಕೊಚ್ಚಿಹೋದರೆ ಗಾರೆಯಿಲ್ಲದೆ ಬರೀ ತೂಕದ ಮೇಲೆ ನಿಂತ ಕಂಬ ವಾಲುತ್ತದೆ, ತೊಲೆ ಜಾರುತ್ತದೆ. ನಿಮ್ಮಂಥ ಊರುಗಳಲ್ಲಿ ರಸ್ತೆಗೆ ಪದರದ ಮೇಲೆ ಪದರ ಕಾಂಕ್ರೀಟು ಸುರಿದು ಬೀದಿ ಎತ್ತರವಾಗಿ, ಗುಡಿಯ ಅಂಗಳ ತಗ್ಗಾಗಿ, ಊರ ಬಚ್ಚಲ ನೀರೆಲ್ಲ ಒಳಗೆ ಹೋಗುತ್ತದೆ. ಕಾಯ್ದೆ ಇಲ್ಲಿ ನಿಮ್ಮ ಕಡೆಗಿದೆ. ‘ನಿರ್ಮಾಣ’ ಎಂಬುದರ ವ್ಯಾಖ್ಯೆಯಿಂದ ಚರಂಡಿ ಮಾಡುವುದು, ಅದರ ನಿರ್ವಹಣೆ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕರಿಗೆ ನೀರು ಪೂರೈಸುವ ಕೆಲಸ, ವಿದ್ಯುತ್ ಪೂರೈಕೆ ಇವನ್ನು ಹೊರಗಿಟ್ಟಿದ್ದಾರೆ. ಹಾಗೆಂದು ಜೆಸಿಬಿ ತಂದು ಅಗೆಯಬಾರದು. ಸಂರಕ್ಷಿತ ಗಡಿಯ ಒಳಗೆ ಈ ವಿನಾಯಿತಿಯ ಬಲ ಹಿಡಿದು ಏನೂ ಮಾಡಬೇಡಿ. ಹೊರಗಾದರೂ ಇಲಾಖೆಗೆ ಮೊದಲೇ ಬರೆದು ತಿಳಿಸಿ, ಅವರ ಸಿಬ್ಬಂದಿ ನಿಂತಿರುವಾಗ ಕೈಗುದ್ದಲಿಯಲ್ಲಿ ಅಗೆಸಿ, ನೆಲದೊಳಗಿಂದ ಕಲ್ಲಿನ ಸಾಲೋ ವಿಗ್ರಹವೋ ಕಂಡರೆ ಅಲ್ಲೇ ನಿಲ್ಲಿಸಿ. ರಸ್ತೆಗೆ ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕಿತ್ತೇ ಹಾಕಬೇಕೆಂದು ಗುತ್ತಿಗೆಯ ಷರತ್ತಿನಲ್ಲಿ ಸೇರಿಸಿ.

ಹಣದ ವಿಷಯದಲ್ಲಿ ಆಸೆ ಹುಟ್ಟಿಸಿ ಕೈಬಿಡುವುದು ದೊಡ್ಡ ತಪ್ಪು. ನೇಪಾಳದ ಭಕ್ತಪುರದಲ್ಲಿ ವಿದೇಶಿ ಪ್ರವಾಸಿಗರ ಪ್ರವೇಶ ಶುಲ್ಕವನ್ನು ನಗರಪಾಲಿಕೆಯೇ ವಸೂಲಿ ಮಾಡಿ ಗುಡಿಗಳ ದುರಸ್ತಿಗೆ ಬಳಸುತ್ತದೆ. ನಮ್ಮಲ್ಲಿ ಆ ದಾರಿ ಇಲ್ಲ. ಹಂಪಿಯಲ್ಲಿ ಭಾರತೀಯರಿಂದ 40 ರೂಪಾಯಿ, ವಿದೇಶಿಯರಿಂದ 600 ರೂಪಾಯಿ ಪಡೆಯುವ ಟಿಕೆಟ್ಟಿನ ಹಣ ಕೇಂದ್ರದ ಖಜಾನೆಗೆ ಹೋಗುತ್ತದೆ, ಪಂಚಾಯ್ತಿಗೆ ಪಾಲು ಬರುವುದಿಲ್ಲ. ನಿಮ್ಮ ಆದಾಯ ಗಡಿಯ ಹೊರಗಿನದು: ವಾಹನ ನಿಲುಗಡೆ, ಶೌಚಾಲಯ, ಸಂತೆಕಟ್ಟೆ, ಊಟದ ಮನೆ, ಊರು ತೋರಿಸುವವರು. ನಿಲುಗಡೆಯನ್ನು ಒಬ್ಬನೇ ಗುತ್ತಿಗೆದಾರನಿಗೆ ಹರಾಜು ಹಾಕಿದರೆ ಹಣ ಊರಾಚೆ ಹೋಗುತ್ತದೆ, ಜಗಳ ಊರಲ್ಲಿ ಉಳಿಯುತ್ತದೆ. ಸ್ವಸಹಾಯ ಸಂಘಕ್ಕೆ ವರ್ಷದ ಕರಾರಿನ ಮೇಲೆ ಕೊಟ್ಟು, ಇಷ್ಟು ಪಾಲು ಚರಂಡಿ-ಶೌಚಾಲಯಕ್ಕೆ, ಇಷ್ಟು ಪಾಲು ಕೆಂಪು ಗೆರೆಯೊಳಗಿನ ಬಡವರ ಮಾಳಿಗೆ ದುರಸ್ತಿಗೆ ಎಂದು ಮೊದಲೇ ಬರೆದುಕೊಳ್ಳಿ. ಹಂಪಿಯ ವಿಜಯವಿಠ್ಠಲ ದೇವಸ್ಥಾನದ ದಾರಿಯಲ್ಲಿ ಬ್ಯಾಟರಿ ಗಾಡಿ ಓಡಿಸುವವರು ಸುತ್ತಲಿನ ಹೆಣ್ಣುಮಕ್ಕಳೇ. ದಿನಗೂಲಿಯ ಹೊರಗೆ ಸ್ಥಳೀಯರಿಗೆ ಏನು ಕೆಲಸ ಕೊಡಬಹುದು ಎಂಬುದಕ್ಕೆ ಅದು ಕಣ್ಣಮುಂದಿನ ಉತ್ತರ.

ಆನೆಗೊಂದಿಯ ಬಾಳೆನಾರಿನ ಕಸುಬನ್ನು ನೋಡಿ ನಮ್ಮಲ್ಲೂ ಹಾಗೆ ಮಾಡೋಣ ಎನ್ನುವವರು ಬಹಳ. ಅಲ್ಲಿ ಅದು ನಿಂತದ್ದಕ್ಕೆ ಕಾರಣಗಳಿವೆ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರು ಹರಿಸುತ್ತವೆ, ಅದರಿಂದ ಬಾಳೆ ಬೆಳೆಯುತ್ತದೆ, ಗೊನೆ ಕಡಿದ ಮೇಲೆ ದಿಂಡು ಹೊಲದಲ್ಲೇ ಬಿದ್ದಿರುತ್ತದೆ, ಕಿಷ್ಕಿಂಧಾ ಟ್ರಸ್ಟ್ ವರ್ಷಗಟ್ಟಲೆ ನೇಯ್ಗೆ ಕಲಿಸಿ ಮಾರಾಟಕ್ಕೂ ನಿಂತಿತು. ಒಣಬೇಸಾಯದ ಊರಿಗೆ ಬಾಳೆನಾರು ಹೊರಗಿನಿಂದ ತರಿಸಿ ನೇಯಿಸಿದರೆ ತರಬೇತಿಯ ಫೋಟೊ ಉಳಿದೀತು, ಕಸುಬು ಉಳಿಯಲಿಕ್ಕಿಲ್ಲ. ನಿಮ್ಮಲ್ಲಿ ಕೌದಿ ಹೊಲಿಯುವವರಿದ್ದರೆ, ರೊಟ್ಟಿ-ಚಟ್ನಿಪುಡಿ ಮಾಡುವ ಕೈಗಳಿದ್ದರೆ ಅಲ್ಲಿಂದ ಶುರುವಾಗಲಿ.

ಜಾತ್ರೆಯ ಬಗ್ಗೆ ಅನಗತ್ಯ ಜಗಳಗಳಾಗುತ್ತವೆ. ರೂಢಿಯಿಂದ ನಡೆದುಬಂದ ಪೂಜೆ, ತೇರಿಗೆ ಇಲಾಖೆಯ ನಿಯಮ ಅಡ್ಡಬರುವುದಿಲ್ಲ. ಸಭೆ, ಸನ್ಮಾನ, ಆರ್ಕೆಸ್ಟ್ರಾ ಮುಂತಾದವನ್ನು ಸ್ಮಾರಕದೊಳಗೆ ಮಾಡಲು ಲಿಖಿತ ಅನುಮತಿ ಬೇಕು. ಅವನ್ನು ಶಾಲೆಯ ಮೈದಾನಕ್ಕೆ ಸಾಗಿಸುವುದೇ ಸುಲಭ. ಶಾಮಿಯಾನಾದ ಕಂಬಕ್ಕೆ ನೆಲ ಅಗೆಯದೆ ಮರಳು ತುಂಬಿದ ಡ್ರಮ್ಮು ಬಳಸಿ. ಕಂಬಕ್ಕೆ ಮೊಳೆ, ಹಗ್ಗ ಬೇಡ. ದೀಪದ ಕೆಳಗೆ ಅಗಲವಾದ ತಟ್ಟೆ ಇಡಿ, ಎಣ್ಣೆ ಹೀರಿದ ಕಲ್ಲು ಧೂಳನ್ನು ಹಿಡಿದು ಕಪ್ಪಾಗುತ್ತದೆ. ದಾಸೋಹದ ಒಲೆ ಪ್ರಾಕಾರದ ಹೊರಗೆ, ಗಾಳಿ ಗುಡಿಯ ಕಡೆ ಬೀಸದ ಬದಿಗೆ ಇರಲಿ.

ಕಾವಲಿನ ಮಾತು ಚಿಕ್ಕದು. ಹಂಪಿಯಲ್ಲಿ ಹುಡುಗರು ಕಲ್ಲುಕಂಬ ಉರುಳಿಸಿದ ವಿಡಿಯೊ 2019ರಲ್ಲಿ ಎಲ್ಲೆಡೆ ಹರಿದಾಡಿತು. ಕೋರ್ಟು ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ಹಾಕಿ, ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸುವಂತೆ ಮಾಡಿತು. ಇಲಾಖೆಯ ಕಾವಲುಗಾರ ಎಲ್ಲ ಕಡೆ ನಿಲ್ಲಲಾರ, ದನ ಕಾಯುವವರು ಹೊಲಕ್ಕೆ ಹೋಗುವವರು ದಿನವೂ ನೋಡುತ್ತಾರೆ. ಅವರು ಯಾರಿಗೆ ಫೋನು ಮಾಡಬೇಕೆಂಬ ಎರಡು ನಂಬರುಗಳು ಊರ ಗೋಡೆಯ ಮೇಲಿದ್ದರೆ ಸಾಕು. ಹೊಲದಂಚಿನ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳನ್ನು ಇದ್ದಲ್ಲೇ ಫೋಟೊ ತೆಗೆದು, ಅಳತೆ ಮತ್ತು ಸರ್ವೆ ನಂಬರು ಬರೆದಿಡಿ. ಅಕ್ಷರ ಕಾಣಲೆಂದು ಸುಣ್ಣ, ಆಯಿಲ್ ಪೇಂಟು ಬಳಿಯಬೇಡಿ. ಓದಿಸಬೇಕಾದರೆ ಕೇಂದ್ರ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ.

ಕೊನೆಗೆ ಒಂದು ತಾರೀಕಿನ ಮಾತು. ಪ್ರತಿ ಸ್ಮಾರಕದ ಸುತ್ತಲಿನ ಕಟ್ಟಡಗಳ ಎತ್ತರ, ಬಣ್ಣ, ಮುಂಭಾಗ, ಚರಂಡಿ ಎಲ್ಲಕ್ಕೂ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕೆಂದು 2010ರ ತಿದ್ದುಪಡಿ ಹೇಳುತ್ತದೆ. ಕರಡು ಪ್ರಕಟವಾದಾಗ ಸಾರ್ವಜನಿಕರಿಗೆ ಆಕ್ಷೇಪಣೆ, ಸಲಹೆ ಸಲ್ಲಿಸಲು 30 ದಿನ ಇರುತ್ತದೆ. ಮಣ್ಣಿನ ಮಾಳಿಗೆಗೆ, ದನದ ಕೊಟ್ಟಿಗೆಗೆ, ಅಣ್ಣತಮ್ಮಂದಿರು ಪಾಲಾದಾಗ ನಡುಗೋಡೆಗೆ ಏನು ಅವಕಾಶ ಎಂಬುದನ್ನು ಊರು ಹೇಳಬೇಕಾದದ್ದು ಆಗಲೇ. ಕರಡು ಬಂತೇ ಎಂದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ವೆಬ್‌ಸೈಟನ್ನು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಸಮಿತಿಯ ಒಬ್ಬರ ಹೆಸರಿಗೆ ಬರೆದುಬಿಡಿ, ಗೋಡೆಯ ಮೇಲಿನ ನಕ್ಷೆಯ ಒಂದು ನಕಲನ್ನು ಆಕ್ಷೇಪಣೆಗೆ ಲಗತ್ತಿಸಲು ಈಗಲೇ ಮಾಡಿಸಿಡಿ.